ಪ್ರೋಟೀನ್ ಸರಿಯಿದ್ದರೂ ಬ್ರಾಯ್ಲರ್‌ಗೆ ತೂಕ ಬರುತ್ತಿಲ್ಲವೇ? ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್ ಲೆಕ್ಕ ಹಾಕುವ ಬಗೆ

ಪ್ರಶ್ನೆ: ಹೊಸನಗರ ತಾಲೂಕಿನಲ್ಲಿ ನಮ್ಮದು 1,000 ಬ್ರಾಯ್ಲರ್ ಕೋಳಿಗಳ ಶೆಡ್. ಸ್ವಂತ ಗ್ರೈಂಡರ್, ಮಿಕ್ಸರ್ ಇಟ್ಟುಕೊಂಡು ಫೀಡ್ ಮಾಡಿಕೊಳ್ಳುತ್ತೇವೆ. ಸೋಯಾ ಹಿಂಡಿ ದುಬಾರಿಯಾಯಿತೆಂದು 100 ಕೆಜಿ ಸ್ಟಾರ್ಟರ್ ಫೀಡಿಗೆ ಹಾಕುತ್ತಿದ್ದ 36 ಕೆಜಿ ಸೋಯಾವನ್ನು 26ಕ್ಕೆ ಇಳಿಸಿ, 10 ಕೆಜಿ ಶೇಂಗಾ ಹಿಂಡಿ ಸೇರಿಸಿದೆವು. ಮೆಕ್ಕೆಜೋಳ ಮೊದಲಿನಂತೆ 58 ಕೆಜಿ. ಮೆಥಿಯೋನಿನ್ 100 ಗ್ರಾಂ ಹಾಕುತ್ತೇವೆ, ಲೈಸಿನ್ ಹಾಕುವುದಿಲ್ಲ. ಲ್ಯಾಬಿನಲ್ಲಿ ಪ್ರೋಟೀನ್ ಶೇ. 21.5ರ ಹತ್ತಿರವೇ ಬಂದಿದೆ. ಆದರೂ 21 ದಿನಕ್ಕೆ ತೂಕ 650 ಗ್ರಾಂ ದಾಟಿಲ್ಲ, ಬೆನ್ನ ಮೇಲೆ ಪುಕ್ಕ ತುಂಬಿಲ್ಲ, ನೆಲಕ್ಕೆ ಹಾಸಿದ ಹೊಟ್ಟು ಸದಾ ಒದ್ದೆ. ಅಂಗಡಿಯವರು ಕ್ವಿಂಟಲ್‌ಗೆ ಮೆಥಿಯೋನಿನ್ ಅರ್ಧ ಕೆಜಿ, ಲೈಸಿನ್ ಅರ್ಧ ಕೆಜಿ ಹಾಕಿ, ಇಲ್ಲವೇ ನೀರಿಗೆ ಟಾನಿಕ್ ಕೊಡಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಟಾನಿಕ್‌ನಿಂದ ಈ ಕೊರತೆ ತುಂಬುವುದಿಲ್ಲ. ಅರ್ಧರ್ಧ ಕೆಜಿ ಲೆಕ್ಕದಲ್ಲಿ ಎರಡು ವಸ್ತು ಬೇಕಿರುವುದಕ್ಕಿಂತ ಹೆಚ್ಚಾಗುತ್ತವೆ, ಮೂರನೆಯದಾದ ಥ್ರಿಯೋನಿನ್ ಇಲ್ಲವೇ ಇಲ್ಲ. ನಿಮ್ಮ ಫೀಡಿಗೆ ಬೇಕಾದದ್ದು ಎಷ್ಟೆಂದು ಕೂಡಿ ಕಳೆದರೆ ಸಿಗುತ್ತದೆ. ಆ ಲೆಕ್ಕ ಕೆಳಗಿದೆ.

ಮೊದಲು ಲ್ಯಾಬ್ ವರದಿಯ ಮಾತು. ಲ್ಯಾಬಿನವರು ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಕೋಳಿಯ ಮೈಗೆ ಬೇಕಾಗಿರುವುದು ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳು (ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್ ಇಂಥವೇ), ಅದೂ ಒಂದಕ್ಕೊಂದು ಗೊತ್ತಾದ ಪ್ರಮಾಣದಲ್ಲಿ. ಯಾವುದೋ ಒಂದು ಕಡಿಮೆ ಬಿದ್ದರೆ ಮಾಂಸ ಕಟ್ಟುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ದಾರ ಮುಗಿದ ಮೇಲೆ ಬುಟ್ಟಿಯಲ್ಲಿ ಎಷ್ಟು ಹೂವಿದ್ದರೂ ಮಾಲೆ ಉದ್ದವಾಗುವುದಿಲ್ಲವಲ್ಲ, ಹಾಗೆ. ಉಳಿದ ಅಮೈನೋ ಆಮ್ಲಗಳನ್ನು ಕೋಳಿ ಕೂಡಿಡಲಾರದು. ಅವುಗಳನ್ನು ಒಡೆದು, ಸಾರಜನಕವನ್ನು ಯೂರಿಕ್ ಆಮ್ಲ ಮಾಡಿ ಹಿಕ್ಕೆಯಲ್ಲಿ ಹೊರಹಾಕುತ್ತದೆ. ಹಾಗೆ ಹೊರಹಾಕಲು ನೀರು ಬೇಕು, ಆದ್ದರಿಂದ ಹೆಚ್ಚು ಕುಡಿಯುತ್ತದೆ. ನಿಮ್ಮ ಹೊಟ್ಟು ಒದ್ದೆಯಾಗಿರಲು ಮಳೆಯಷ್ಟೇ ಕಾರಣವಲ್ಲ.

ಮೆಕ್ಕೆಜೋಳ ಮತ್ತು ಸೋಯಾ ಹಾಕಿದ ಫೀಡಿನಲ್ಲಿ ಮೊದಲು ಕೊರತೆಯಾಗುವುದು ಮೆಥಿಯೋನಿನ್, ಆಮೇಲೆ ಲೈಸಿನ್, ಮೂರನೆಯದು ಥ್ರಿಯೋನಿನ್. ಮೆಥಿಯೋನಿನ್ ಜೊತೆಗೆ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಮೆಥಿಯೋನಿನ್‌ನಿಂದ ಕೋಳಿ ಸಿಸ್ಟೀನ್ ಮಾಡಿಕೊಳ್ಳಬಲ್ಲದು, ತಿರುಗಿ ಅದು ಆಗದು. ಪುಕ್ಕದಲ್ಲಿ ಸಿಸ್ಟೀನ್ ಬಹಳ. ನಿಮ್ಮ ಕೋಳಿಗಳ ಬೆನ್ನು ಬೋಳಾಗಿ ಕಾಣುತ್ತಿರುವುದು ಇದರಿಂದಲೇ ಇರಬಹುದು.

ಇನ್ನು ಎಷ್ಟು ಬೇಕು ಎಂಬುದು. ಹಳೆಯ ಪುಸ್ತಕಗಳ ಅಂಕಿಗಳನ್ನು ಇಟ್ಟುಕೊಳ್ಳಬೇಡಿ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯಾದ ಎನ್‌ಆರ್‌ಸಿ 1994ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಮೊದಲ ಮೂರು ವಾರಕ್ಕೆ ಒಟ್ಟು ಲೈಸಿನ್ ಶೇ. 1.10 ಎಂದಿದೆ. ಈಗಿನ ತಳಿಗಳ ಬೆಳವಣಿಗೆಯ ವೇಗಕ್ಕೆ ಅದು ಸಾಲದು. 11ನೇ ದಿನದಿಂದ ಮೂರು ವಾರದವರೆಗಿನ ಸ್ಟಾರ್ಟರ್‌ಗೆ *ಜೀರ್ಣವಾಗುವ* ಲೈಸಿನ್ ಶೇ. 1.15 ಎಂದು ಹಿಡಿಯಿರಿ. ಅಂದರೆ 100 ಕೆಜಿ ಫೀಡಿನಲ್ಲಿ 1,150 ಗ್ರಾಂ. ಉಳಿದವನ್ನು ಲೈಸಿನ್‌ಗೆ ಅಂಟಿಸಿ ಲೆಕ್ಕ ಹಾಕುವುದು ರೂಢಿ. ಲೈಸಿನ್ 100 ಇದ್ದರೆ ಮೆಥಿಯೋನಿನ್ ಮತ್ತು ಸಿಸ್ಟೀನ್ ಸೇರಿ 75, ಥ್ರಿಯೋನಿನ್ 66, ವ್ಯಾಲಿನ್ ಎಂಬ ಇನ್ನೊಂದು ಅಮೈನೋ ಆಮ್ಲ 75. ಹೀಗೆ ಮೆಥಿಯೋನಿನ್-ಸಿಸ್ಟೀನ್ 862 ಗ್ರಾಂ, ಥ್ರಿಯೋನಿನ್ 759 ಗ್ರಾಂ ಬೇಕು.

ನಿಮ್ಮ ಕಚ್ಚಾವಸ್ತುಗಳಿಂದ ಸಿಗುವುದೆಷ್ಟು? ಒಂದು ಕೆಜಿಯಲ್ಲಿರುವ ಜೀರ್ಣವಾಗುವ ಅಂಶ ಸರಾಸರಿ ಹೀಗೆ:

ಮೆಕ್ಕೆಜೋಳ: ಲೈಸಿನ್ 2.2 ಗ್ರಾಂ, ಮೆಥಿಯೋನಿನ್-ಸಿಸ್ಟೀನ್ 3.3, ಥ್ರಿಯೋನಿನ್ 2.6
ಸೋಯಾ ಹಿಂಡಿ: 25, 11, 15
ಶೇಂಗಾ ಹಿಂಡಿ: 12, 8.5, 10

ಸೋಯಾ ಮತ್ತು ಶೇಂಗಾ ಹಿಂಡಿ ಎರಡರಲ್ಲೂ ಪ್ರೋಟೀನ್ ಶೇ. 45ರ ಆಸುಪಾಸು. ಆದರೆ ಶೇಂಗಾದಲ್ಲಿ ಲೈಸಿನ್ ಸೋಯಾದ ಅರ್ಧದಷ್ಟೂ ಇಲ್ಲ. 10 ಕೆಜಿ ಬದಲಾಯಿಸಿದಾಗ ಪ್ರೋಟೀನ್ ಅಲ್ಲೇ ನಿಂತು, ಲೈಸಿನ್ ಮಾತ್ರ ಕ್ವಿಂಟಲ್‌ಗೆ 130 ಗ್ರಾಂ ಇಳಿದುಹೋಯಿತು.

ನಿಮ್ಮ ಈಗಿನ ಫೀಡನ್ನು ಕೂಡಿ ನೋಡೋಣ. ಲೈಸಿನ್: ಜೋಳದಿಂದ (ಇಲ್ಲಿಂದ ಮುಂದೆ ಜೋಳ ಎಂದರೆ ಮೆಕ್ಕೆಜೋಳವೇ) 128, ಸೋಯಾದಿಂದ 650, ಶೇಂಗಾದಿಂದ 120, ಒಟ್ಟು 898 ಗ್ರಾಂ. ಬೇಕಾದ್ದು 1,150, ಕೊರತೆ 252. ಮೆಥಿಯೋನಿನ್-ಸಿಸ್ಟೀನ್: 191, 286, 85 ಸೇರಿ 562. ನೀವು ಹಾಕುವ 100 ಗ್ರಾಂ ಮೆಥಿಯೋನಿನ್ (ಶೇ. 99 ಶುದ್ಧ, ಅಂದರೆ 99 ಗ್ರಾಂ) ಕೂಡಿಸಿದರೂ 661. ಬೇಕಾದ್ದು 862. ಥ್ರಿಯೋನಿನ್: 151, 390, 100 ಸೇರಿ 641. ಬೇಕಾದ್ದು 759, ಕೊರತೆ 118. ಲೈಸಿನ್ ಮತ್ತು ಮೆಥಿಯೋನಿನ್-ಸಿಸ್ಟೀನ್ ಎರಡೂ ಬೇಕಿರುವುದರ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಇವೆ, ಅಷ್ಟೇ. ಮೂರು ವಾರಕ್ಕೆ 850 ಗ್ರಾಂ ಹತ್ತಿರ ಇರಬೇಕಾದ ಕೋಳಿ 650ಕ್ಕೆ ನಿಂತದ್ದಕ್ಕೆ ಇದೇ ಸಾಕಷ್ಟು ಕಾರಣ.

ಕೊರತೆಯ ಗ್ರಾಂಗಳನ್ನು ಚೀಲದ ಪುಡಿಗೆ ಪರಿವರ್ತಿಸಬೇಕು. ಅಂಗಡಿಯಲ್ಲಿ ಸಿಗುವ ಎಲ್-ಲೈಸಿನ್ ಹೈಡ್ರೋಕ್ಲೋರೈಡ್‌ನಲ್ಲಿ ಲೈಸಿನ್ ಇರುವುದು ಶೇ. 78. ಚೀಲದ ಮೇಲೆ ಶೇ. 98.5 ಎಂದಿದ್ದರೆ ಅದು ಹೈಡ್ರೋಕ್ಲೋರೈಡ್ ಸೇರಿದ ಶುದ್ಧತೆ. ಡಿಎಲ್-ಮೆಥಿಯೋನಿನ್ ಶೇ. 99, ಎಲ್-ಥ್ರಿಯೋನಿನ್ ಶೇ. 98.5. ಕೊರತೆಯನ್ನು ಇವುಗಳಿಂದ ಭಾಗಿಸಿ: 252ನ್ನು 0.78ರಿಂದ ಭಾಗಿಸಿದರೆ ಲೈಸಿನ್ ಪುಡಿ 323 ಗ್ರಾಂ. 862ರಿಂದ 562 ಕಳೆದು ಉಳಿದ 300ನ್ನು 0.99ರಿಂದ ಭಾಗಿಸಿದರೆ ಮೆಥಿಯೋನಿನ್ ಒಟ್ಟು 303 ಗ್ರಾಂ. ಥ್ರಿಯೋನಿನ್ 120 ಗ್ರಾಂ.

ಈಗ ಅಂಗಡಿಯವರ ಅರ್ಧರ್ಧ ಕೆಜಿಯನ್ನು ಇದರ ಪಕ್ಕ ಇಟ್ಟು ನೋಡಿ. ಲೈಸಿನ್, ಮೆಥಿಯೋನಿನ್ ಎರಡೂ ಬೇಕಾದುದಕ್ಕಿಂತ ಒಂದೂವರೆ ಪಟ್ಟು, ಥ್ರಿಯೋನಿನ್ ಸೊನ್ನೆ. ಕೋಳಿ ಸ್ವಲ್ಪ ಚೇತರಿಸಿಕೊಂಡು ಥ್ರಿಯೋನಿನ್ ಮುಗಿದಲ್ಲಿ ಮತ್ತೆ ನಿಲ್ಲುತ್ತದೆ, ಹೆಚ್ಚುವರಿ ಪುಡಿಯ ದುಡ್ಡು ಹಿಕ್ಕೆಯಲ್ಲಿ ಹೋಗುತ್ತದೆ. ಥ್ರಿಯೋನಿನ್ ಮಾಂಸಕ್ಕಷ್ಟೇ ಅಲ್ಲ, ಕರುಳಿನ ಒಳಗೋಡೆಯ ಲೋಳೆಗೂ ಬೇಕು. ಮಳೆಗಾಲದಲ್ಲಿ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಕಾಡುವ ನಮ್ಮ ಕಡೆ ಕರುಳು ಗಟ್ಟಿಯಾಗಿರುವುದು ಎಷ್ಟು ಮುಖ್ಯ ಎಂದು ನಿಮಗೇ ಗೊತ್ತು. ಇನ್ನು ಮೆಥಿಯೋನಿನ್ ವಿಷಯದಲ್ಲಿ ಕೈ ಬಿಗಿ ಇರಲಿ. ಅಮೈನೋ ಆಮ್ಲಗಳಲ್ಲಿ ಮಿತಿಮೀರಿದರೆ ಬೇಗ ತೊಂದರೆ ಕೊಡುವುದು ಅದೇ. ಫೀಡಿನಲ್ಲಿ ಹೆಚ್ಚುವರಿ ಶೇ. 1ರ ಹತ್ತಿರ ಹೋದರೆ ಕೋಳಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಅರ್ಧ ಕೆಜಿ ಅಲ್ಲಿಗೆ ಮುಟ್ಟುವುದಿಲ್ಲ, ಆದರೆ ತೂಕ ತಪ್ಪಿ ಒಂದೇ ಕಡೆ ಗುಡ್ಡೆಬಿದ್ದರೆ ಮುಟ್ಟುತ್ತದೆ.

ನೀರಿನ ಟಾನಿಕ್ ಬಗ್ಗೆಯೂ ಇದೇ ರೀತಿ ಲೆಕ್ಕ ಹಾಕಿ. ಮೂರು ವಾರದ 1,000 ಕೋಳಿ ದಿನಕ್ಕೆ ಸುಮಾರು 100 ಕೆಜಿ ತಿನ್ನುತ್ತವೆ. ಹಾಗಾಗಿ ಲೈಸಿನ್ ಕೊರತೆ ದಿನಕ್ಕೆ 252 ಗ್ರಾಂ. ಟಾನಿಕ್‌ನ 100 ಮಿಲಿಯಲ್ಲಿ 5 ಗ್ರಾಂ ಲೈಸಿನ್ ಇದೆ, 100 ಕೋಳಿಗೆ 5 ಮಿಲಿ ಕೊಡಿ ಎಂದು ಲೇಬಲ್ ಹೇಳಿದರೆ 1,000 ಕೋಳಿಗೆ ಹೋಗುವುದು 50 ಮಿಲಿ, ಅದರಲ್ಲಿ ಲೈಸಿನ್ ಎರಡೂವರೆ ಗ್ರಾಂ. ಬೇಕಾದುದರ ನೂರರಲ್ಲೊಂದು ಪಾಲು. ಲಸಿಕೆ ಕೊಟ್ಟ ದಿನ, ಮರಿ ಸಾಗಿಸಿದ ದಿನ ವಿಟಮಿನ್ ಕೊಡುವುದು ಬೇರೆ ಮಾತು. ಪುಡಿಯನ್ನೇ ನೀರಿನ ಟ್ಯಾಂಕಿಗೆ ಹಾಕೋಣವೆಂದರೆ, ಮೆಥಿಯೋನಿನ್ ನಿಧಾನಕ್ಕೆ ಕರಗುವ ವಸ್ತು, ತಳದಲ್ಲಿ ಕೂರುತ್ತದೆ. ನಿಪ್ಪಲ್ ಲೈನಿನಲ್ಲಿ ಲೋಳೆ ಕಟ್ಟಲೂ ದಾರಿಯಾಗುತ್ತದೆ. ಕೊರತೆ ಇರುವುದು ಫೀಡಿನಲ್ಲಿ, ತುಂಬಬೇಕಾದ್ದೂ ಅಲ್ಲೇ.

ಈಗಾಗಲೇ ಮಾಡಿಟ್ಟ ಫೀಡನ್ನು ಎಸೆಯಬೇಕಿಲ್ಲ. ಪ್ರತಿ 100 ಕೆಜಿಗೆ ಲೈಸಿನ್ 323 ಗ್ರಾಂ, ಥ್ರಿಯೋನಿನ್ 120 ಗ್ರಾಂ, ಮೆಥಿಯೋನಿನ್ 100 ಗ್ರಾಂ ಮೊದಲೇ ಇರುವುದರಿಂದ ಇನ್ನು 203 ಗ್ರಾಂ ಸೇರಿಸಿ ಮಿಕ್ಸರ್‌ನಲ್ಲಿ ಮತ್ತೊಮ್ಮೆ ತಿರುಗಿಸಿ ಕೊಡಿ.

ಮುಂದಿನ ಬ್ಯಾಚಿಗೆ ಮಾತ್ರ 10 ಕೆಜಿ ಶೇಂಗಾ ಹಿಂಡಿ ಬೇಡ ಎಂದೇ ನನ್ನ ಅಭಿಪ್ರಾಯ. ಮೂರು ಪುಡಿ ಹಾಕಿ ಸರಿಮಾಡಿದರೂ ಆ ಮಟ್ಟದಲ್ಲಿ ವ್ಯಾಲಿನ್, ಐಸೊಲ್ಯೂಸಿನ್ ಎರಡೂ ಅಂಚಿಗೆ ಬಂದು ನಿಲ್ಲುತ್ತವೆ. ಅದಕ್ಕಿಂತ ದೊಡ್ಡ ಭಯ ಬೂಷ್ಟಿನಿಂದ ಹುಟ್ಟುವ ವಿಷ ಅಫ್ಲಾಟಾಕ್ಸಿನ್. ಚಳ್ಳಕೆರೆ ಕಡೆಯಿಂದ ಒಣಗಿ ಬಂದ ಹಿಂಡಿಯೂ ಆಗುಂಬೆ, ಹೊಸನಗರದ ಜುಲೈ ತಿಂಗಳ ಗಾಳಿಯಲ್ಲಿ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಆ ವಿಷ ಯಕೃತ್ತನ್ನು ಕೆಡಿಸಿದ ಮೇಲೆ ಯಾವ ಅಮೈನೋ ಆಮ್ಲವೂ ತೂಕ ತರದು. ಪರೀಕ್ಷೆ ಮಾಡಿಸಿದ ಹಿಂಡಿಯಾದರೆ ಬೇಸಿಗೆಯಲ್ಲಿ 5 ಕೆಜಿವರೆಗೆ ಹಾಕಬಹುದು. ಆಗ ಸೋಯಾ 31 ಕೆಜಿ, ಲೈಸಿನ್ 240 ಗ್ರಾಂ, ಮೆಥಿಯೋನಿನ್ 291, ಥ್ರಿಯೋನಿನ್ 94. ಮಳೆಗಾಲದಲ್ಲಿ ಶೇಂಗಾ ಬಿಟ್ಟುಬಿಡಿ.

ಸೋಯಾ ಖರ್ಚು ಇಳಿಸಲು ಬೇರೆ ದಾರಿ ಇದೆ, ಅದು ಮಲೆನಾಡಿನ ಶೆಡ್ಡಿಗೆ ಹೆಚ್ಚು ಹೊಂದುತ್ತದೆ. ಶೇಂಗಾ ಇಲ್ಲದೆ 58 ಕೆಜಿ ಜೋಳ, 36 ಕೆಜಿ ಸೋಯಾ ಹಾಕಿದರೆ ಬೇಕಾಗುವ ಪುಡಿ: ಲೈಸಿನ್ 156 ಗ್ರಾಂ, ಮೆಥಿಯೋನಿನ್ 278, ಥ್ರಿಯೋನಿನ್ 69. ಇದರಿಂದ 2 ಕೆಜಿ ಸೋಯಾ ತೆಗೆದು 2 ಕೆಜಿ ಜೋಳ ಹಾಕಿ, ಅಂದರೆ 60 ಮತ್ತು 34. ಲೈಸಿನ್ 215, ಮೆಥಿಯೋನಿನ್ 293, ಥ್ರಿಯೋನಿನ್ 94 ಗ್ರಾಂ ಆಗುತ್ತದೆ. ಎರಡು ಕೆಜಿ ಸೋಯಾದ ಜಾಗಕ್ಕೆ ಎರಡು ಕೆಜಿ ಜೋಳ ಮತ್ತು ಹೆಚ್ಚುವರಿ 100 ಗ್ರಾಂ ಪುಡಿ ಬಂತು. ಫೀಡಿನ ಪ್ರೋಟೀನ್ ಶೇಕಡಾ ಪ್ರಮಾಣ ಸುಮಾರು 0.75 ಅಂಶ ಇಳಿಯಿತು, ಆದರೆ ಕೋಳಿಗೆ ಬೇಕಾದ ಈ ಮೂರರಲ್ಲಿ ಒಂದೂ ಇಳಿಯಲಿಲ್ಲ. ಆ ದಿನದ ದರ ಹಾಕಿ ನೋಡಿದರೆ ಲಾಭವೋ ನಷ್ಟವೋ ತಿಳಿಯುತ್ತದೆ.

ದರ ಸಮವಾಗಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಇದನ್ನೇ ಹೇಳುತ್ತೇನೆ. ಪ್ರೋಟೀನನ್ನು ಒಂದು ಅಂಶ (ಉದಾಹರಣೆಗೆ ಶೇ. 21ರಿಂದ 20ಕ್ಕೆ) ಇಳಿಸಿದರೆ ಹಿಕ್ಕೆಯಲ್ಲಿ ಹೋಗುವ ಸಾರಜನಕ ಹತ್ತಿರಹತ್ತಿರ ಶೇ. 10 ತಗ್ಗುತ್ತದೆ. ಸೋಯಾದಲ್ಲಿ ಪೊಟ್ಯಾಸಿಯಂ ಹೆಚ್ಚು, ಅದೂ ನೀರು ಕುಡಿಸುವ ವಸ್ತು. ಸೋಯಾ ಕಡಿಮೆಯಾದಾಗ ಎರಡೂ ಕಡೆಯಿಂದ ಹಿಕ್ಕೆ ಗಟ್ಟಿಯಾಗುತ್ತದೆ. ಪರದೆ ಇಳಿಬಿಟ್ಟು ವಾರಗಟ್ಟಲೆ ಬಿಸಿಲು ಕಾಣದ ಶೆಡ್ಡಿನಲ್ಲಿ ಹೊಟ್ಟು ಒಣಗಿಸಲು ಬೇರೆ ಉಪಾಯ ಕಡಿಮೆ. ಒದ್ದೆ ಹೊಟ್ಟಿನಿಂದ ಅಮೋನಿಯಾ ಏಳುತ್ತದೆ, ಕಣ್ಣು ಉರಿಯುತ್ತದೆ, ಅಂಗಾಲಿನಲ್ಲಿ ಕಪ್ಪು ಹುಣ್ಣಾಗುತ್ತದೆ.

ಎರಡು ಕೆಜಿ ಇಳಿಸಿದ್ದು ಸರಿಹೋಯಿತೆಂದು ಆರು ಕೆಜಿ ಇಳಿಸಲು ಹೋಗಬೇಡಿ. 60-34ರ ಫೀಡಿನಲ್ಲೇ ವ್ಯಾಲಿನ್ ಬೇಕಿರುವ 75ರ ಗೆರೆಯಲ್ಲಿ ನಿಂತಿದೆ. ಅದರಾಚೆ ಹೋಗಬೇಕಾದರೆ ಎಲ್-ವ್ಯಾಲಿನ್, ಐಸೊಲ್ಯೂಸಿನ್, ಅರ್ಜಿನಿನ್ ಪುಡಿಗಳೂ ಬೇಕು, ಆ ಲೆಕ್ಕ ಕಾಗದದಲ್ಲಿ ಮಾಡುವಂಥದ್ದಲ್ಲ.

60-34ರ ಫೀಡಿನಲ್ಲಿ ಉಳಿದ 6 ಕೆಜಿ ಹೀಗಿರಲಿ: ಎಣ್ಣೆ 2.4 ಕೆಜಿ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) 1.4, ಸುಣ್ಣದ ಕಲ್ಲಿನ ಪುಡಿ 1 ಕೆಜಿ, ಉಪ್ಪು 250 ಗ್ರಾಂ, ಸೋಡಾ ಬೈಕಾರ್ಬ್ 200 ಗ್ರಾಂ, ಮೂರು ಅಮೈನೋ ಆಮ್ಲ 600 ಗ್ರಾಂ, ಮಿಕ್ಕ 150 ಗ್ರಾಂನಲ್ಲಿ ವಿಟಮಿನ್, ಖನಿಜ, ಕೋಲಿನ್, ಫೈಟೇಸ್, ಕಾಕ್ಸಿಡಿಯೋಸಿಸ್ ತಡೆಯುವ ಔಷಧಿ. ಕಾಳಿನೊಳಗಿನ ರಂಜಕವನ್ನು ಬಿಡಿಸುವ ಕಿಣ್ವವಾದ ಫೈಟೇಸ್ ಹಾಕದಿದ್ದರೆ ಡಿಸಿಪಿ ಇಷ್ಟಕ್ಕೆ ಸಾಲದು. ಲೈಸಿನ್ ಹೈಡ್ರೋಕ್ಲೋರೈಡ್‌ನಲ್ಲಿ ಸುಮಾರು ಶೇ. 19 ಕ್ಲೋರೈಡ್ ಇದೆ ಎಂಬುದನ್ನು ಮರೆತು ಉಪ್ಪನ್ನು ಹಳೆಯ ಪ್ರಮಾಣದಲ್ಲೇ ಸುರಿಯುವುದು ಮಾಮೂಲಿ ತಪ್ಪು. ಕ್ಲೋರೈಡ್ ಹೆಚ್ಚಿದರೆ ಮತ್ತೆ ನೀರು, ಮತ್ತೆ ಒದ್ದೆ ಹೊಟ್ಟು. ಸೋಡಿಯಂನ ಒಂದು ಪಾಲನ್ನು ಸೋಡಾದಿಂದ ಕೊಡುವುದು ಅದಕ್ಕೇ.

ಫಿನಿಶರ್‌ಗೆ, ಅಂದರೆ ಮೂರು ವಾರದ ನಂತರದ ಫೀಡಿಗೆ, ಜೋಳ 64, ಸೋಯಾ 29, ಎಣ್ಣೆ 3.5 ಕೆಜಿ ಇಟ್ಟುಕೊಂಡರೆ ಲೈಸಿನ್ ಪುಡಿ 197 ಗ್ರಾಂ, ಮೆಥಿಯೋನಿನ್ 247, ಥ್ರಿಯೋನಿನ್ 83. ಇಲ್ಲಿ ಜೀರ್ಣವಾಗುವ ಲೈಸಿನ್ ಶೇ. 1.02 ಎಂದೂ, ಲೈಸಿನ್ 100ಕ್ಕೆ ಮೆಥಿಯೋನಿನ್-ಸಿಸ್ಟೀನ್ 76, ಥ್ರಿಯೋನಿನ್ 67 ಎಂದೂ ಹಿಡಿದಿದೆ. ಮೊದಲ ಹತ್ತು ದಿನದ ಪ್ರೀ-ಸ್ಟಾರ್ಟರನ್ನು ಮನೆಯಲ್ಲಿ ಮಾಡದೆ ಒಳ್ಳೆಯ ಕ್ರಂಬಲ್ (ಸಣ್ಣ ಹರಳಿನ ಫೀಡ್) ಕೊಂಡುಬಿಡಿ. ಒಂದು ಮರಿ ಆಗ ತಿನ್ನುವುದು ಕಾಲು ಕೆಜಿಗಿಂತ ತುಸು ಹೆಚ್ಚು, ಅಷ್ಟರಲ್ಲಿ ಉಳಿತಾಯ ಮಾಡಲು ಹೊರಟರೆ ಕೊನೆಯವರೆಗೂ ಕಾಡುತ್ತದೆ.

ಮಿಕ್ಸಿಂಗ್‌ನಲ್ಲಿ ಎಡವುವವರೇ ಹೆಚ್ಚು. 94 ಗ್ರಾಂ ಪುಡಿ 100 ಕೆಜಿಯಲ್ಲಿ ಸಮನಾಗಿ ಹರಡಬೇಕು. ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಲೋಟದ ಅಳತೆ ನಂಬುವಂಥದ್ದಲ್ಲ. ಮೂರು ಪುಡಿಗಳನ್ನು ತೂಗಿ, 2 ಕೆಜಿ ನುಣ್ಣಗೆ ಬೀಸಿದ ಜೋಳದ ಹಿಟ್ಟಿನೊಂದಿಗೆ ಬಕೆಟ್‌ನಲ್ಲಿ ಚೆನ್ನಾಗಿ ಕಲಸಿ. ಅದನ್ನು 8 ಕೆಜಿ ಹಿಟ್ಟಿಗೆ ಸೇರಿಸಿ ಇನ್ನೊಮ್ಮೆ. ಮಿಕ್ಸರ್‌ಗೆ ಅರ್ಧ ಜೋಳ, ಅರ್ಧ ಸೋಯಾ ಹೋದ ಮೇಲೆ ಈ 10 ಕೆಜಿ ಹಾಕಿ, ಉಳಿದದ್ದು ಅದರ ಮೇಲೆ. ಎಣ್ಣೆ ಕೊನೆಗೆ, ಒಣ ಮಿಶ್ರಣ ಸರಿಯಾಗಿ ತಿರುಗಿದ ನಂತರವೇ. ಮೊದಲೇ ಎಣ್ಣೆ ಬಿದ್ದರೆ ಪುಡಿ ಉಂಡೆ ಕಟ್ಟುತ್ತದೆ, ಆ ಉಂಡೆ ಯಾವುದೋ ಹತ್ತು ಕೋಳಿಯ ಪಾಲಾಗುತ್ತದೆ. ನಿಂತ ಮಿಕ್ಸರ್ ಆದರೆ ಒಟ್ಟು 12ರಿಂದ 15 ನಿಮಿಷ, ಮಲಗಿದ ರಿಬ್ಬನ್ ಮಿಕ್ಸರ್ ಆದರೆ 5 ನಿಮಿಷ ಸಾಕು. ನೆಲದ ಮೇಲೆ ಸಲಿಕೆಯಲ್ಲಿ ಕಲಸಿದರೆ ಸಮನಾಗುವುದಿಲ್ಲ.

ಪುಡಿ ಕೊಳ್ಳುವಾಗ ಹೆಸರು ಪೂರ್ತಿ ಓದಿ. ಲೈಸಿನ್ ಸಲ್ಫೇಟ್ ಎಂಬುದೂ ಬರುತ್ತದೆ, ಶೇ. 70 ಎಂದು ಕರೆಯುವ ಅದರಲ್ಲಿ ನಿಜವಾದ ಲೈಸಿನ್ ಶೇ. 55. ಅಗ್ಗವೆಂದು ತಂದು ಹೈಡ್ರೋಕ್ಲೋರೈಡ್‌ನ ಗ್ರಾಂ ಲೆಕ್ಕದಲ್ಲೇ ಹಾಕಿದರೆ ಮೂರನೇ ಒಂದು ಪಾಲಿನ ಹತ್ತಿರ ಕಡಿಮೆ ಬೀಳುತ್ತದೆ. 0.55ರಿಂದ ಭಾಗಿಸಿ ಬಳಸಿದರೆ ಅದೂ ಒಳ್ಳೆಯದೇ, ಕ್ಲೋರೈಡ್ ಕಾಟವೂ ಇಲ್ಲ. ‘ಹರ್ಬಲ್ ಮೆಥಿಯೋನಿನ್’ ಎಂಬ ಹೆಸರಿನವನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಕೋಲಿನ್, ಬೀಟೈನ್ ಮೆಥಿಯೋನಿನ್‌ನ ಕೆಲವು ಕೆಲಸ ಹಗುರ ಮಾಡುತ್ತವೆ, ಪುಕ್ಕ ಮತ್ತು ಮಾಂಸದೊಳಗೆ ಅದರ ಜಾಗದಲ್ಲಿ ಕೂರಲಾರವು.

ಬಿಡಿಯಾಗಿ ಕಟ್ಟಿಕೊಡುವ ಪುಡಿಯಲ್ಲಿ ಕಲಬೆರಕೆ ಸಾಧ್ಯ. ಒಂದು ಗ್ರಾಂ ಮೆಥಿಯೋನಿನ್ 100 ಮಿಲಿ ನೀರಿನಲ್ಲಿ ಚೆನ್ನಾಗಿ ಅಲ್ಲಾಡಿಸಿದರೆ ಪೂರ್ತಿ ಕರಗಬೇಕು. ತಳದಲ್ಲಿ ಬಿಳಿ ಗಸಿ ಉಳಿದು, ಅದರ ಮೇಲೆ ವಿನೆಗರ್ ಬಿಟ್ಟಾಗ ಗುಳ್ಳೆ ಬಂದರೆ ಸುಣ್ಣದ ಪುಡಿ ಸೇರಿದೆ. ಹಳೆಯ ಸ್ಟೀಲ್ ಚಮಚದಲ್ಲಿ ಚಿಟಿಕೆ ಹಾಕಿ ಬೆಂಕಿಗೆ ಹಿಡಿದರೆ ಶುದ್ಧ ಮೆಥಿಯೋನಿನ್ ಗಂಧಕದ ಕೆಟ್ಟ ವಾಸನೆ ಬಿಟ್ಟು ಉರಿದುಹೋಗುತ್ತದೆ, ಬೂದಿ ಉಳಿಯುವುದಿಲ್ಲವೆಂದೇ ಹೇಳಬಹುದು. ಹೊರಗೆ, ಗಾಳಿಯಾಡುವ ಕಡೆ ಮಾಡಿ. ಲೈಸಿನ್ ಹೈಡ್ರೋಕ್ಲೋರೈಡ್ ಒಂದು ಗ್ರಾಂ 10 ಮಿಲಿ ನೀರಿನಲ್ಲಿ ಬೇಗನೆ ತಿಳಿಯಾಗಿ ಕರಗುತ್ತದೆ. ಮಳೆಗಾಲದಲ್ಲಿ ಇದು ತೇವಕ್ಕೆ ಗಂಟು ಕಟ್ಟುವುದುಂಟು. ಗುಣ ಹೋಗುವುದಿಲ್ಲ, ಆದರೆ ಕುಟ್ಟಿ ಜರಡಿ ಹಿಡಿದೇ ಬಳಸಬೇಕು.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಸೋಯಾ ಹಿಂಡಿಯ ಮೇಲೆ. ಹದವಾಗಿ ಬೆಂದ ಹಿಂಡಿ ತಿಳಿ ಹೊಂಬಣ್ಣದ್ದು. ಹೆಚ್ಚು ಬೆಂದು ಕಂದು ತಿರುಗಿದ್ದರಲ್ಲಿ ಲೈಸಿನ್ ಸಕ್ಕರೆ ಅಂಶದೊಂದಿಗೆ ಕಟ್ಟಿಕೊಂಡಿರುತ್ತದೆ, ಪ್ರೋಟೀನ್ ಪರೀಕ್ಷೆಯಲ್ಲಿ ಕಾಣುತ್ತದೆ, ಕೋಳಿಗೆ ದಕ್ಕುವುದಿಲ್ಲ. ಹಸಿಯಾಗಿ ಉಳಿದದ್ದರಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಟ್ರಿಪ್ಸಿನ್ ನಿರೋಧಕ ಇರುತ್ತದೆ. ಲ್ಯಾಬಿಗೆ ಕಳಿಸುವಾಗ ಪ್ರೋಟೀನ್ ಒಂದನ್ನೇ ಕೇಳದೆ ಯೂರಿಯೇಸ್ (ಹಸಿಯಾಗಿ ಉಳಿದಿದೆಯೇ ತೋರಿಸುತ್ತದೆ) ಮತ್ತು ಕೆಒಎಚ್ ಕರಗುವಿಕೆ (ಹೆಚ್ಚು ಬೆಂದಿದೆಯೇ ತೋರಿಸುತ್ತದೆ) ಎರಡನ್ನೂ ಬರೆಸಿ. ಯೂರಿಯೇಸ್ 0.05ರಿಂದ 0.20ರೊಳಗೆ, ಕರಗುವಿಕೆ ಶೇ. 75ರಿಂದ 85ರೊಳಗೆ ಇದ್ದರೆ ಮೇಲಿನ ಅಂಕಿಗಳನ್ನು ನಂಬಬಹುದು. ಮರಳು, ಯೂರಿಯಾ ಬೆರೆಸಿದ್ದಾರೆಯೇ ಎಂಬುದನ್ನೂ ನೋಡಿಸಿ, ಯೂರಿಯಾ ಬಿದ್ದ ಹಿಂಡಿ ವರದಿಯಲ್ಲಿ ಪ್ರೋಟೀನ್ ಚೆನ್ನಾಗಿಯೇ ತೋರಿಸುತ್ತದೆ. ಎಲ್ಲಿ ಪರೀಕ್ಷೆ ಮಾಡಿಸುವುದೆಂದು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಿ. ಎಂಟು-ಹತ್ತು ಚೀಲಗಳಿಂದ ಸ್ವಲ್ಪಸ್ವಲ್ಪ ತೆಗೆದು ಬೆರೆಸಿ, ಅರ್ಧ ಕೆಜಿಯನ್ನು ಗಾಳಿಯಾಡದಂತೆ ಕಟ್ಟಿ ಒಯ್ಯಿರಿ.

ಶಿಕಾರಿಪುರ, ಸೊರಬ ಕಡೆಯ ಜೋಳ ಕೊಯ್ಲಾದಾಗ ಸರಿಯಾಗಿ ಒಣಗಿದೆಯೇ ನೋಡಿ ಕೊಳ್ಳಿ, ತೇವ ಶೇ. 12 ದಾಟಿದ್ದನ್ನು ಮಲೆನಾಡಿನಲ್ಲಿ ತಿಂಗಳು ಇಡಲಾಗದು. ಅಕ್ಕಿ ಗಿರಣಿಯ ನುಚ್ಚು ಅಗ್ಗಕ್ಕೆ ಸಿಕ್ಕರೆ ಜೋಳದ ಬದಲು ಸ್ವಲ್ಪ ಹಾಕಬಹುದು, ಅಮೈನೋ ಆಮ್ಲದ ಲೆಕ್ಕ ಹೆಚ್ಚೇನೂ ಬದಲಾಗದು. ತೌಡು ಮಾತ್ರ ಮಳೆಗಾಲದಲ್ಲಿ ಬೇಗ ಕಮಟುತ್ತದೆ.

ಹೊಸ ಫೀಡ್ ಕೆಲಸ ಮಾಡಿತೇ ಎಂದು ತಿಳಿಯಲು ಶೆಡ್ಡಿನ ಮಧ್ಯೆ ಬಲೆ ಕಟ್ಟಿ ನೂರು ಕೋಳಿಗೆ 58-36ರ ಫೀಡ್, ನೂರಕ್ಕೆ 60-34ರ ಫೀಡ್ ಕೊಡಿ. ಎರಡೂ ಕಡೆ ನೀರಿನ ಲೈನ್, ದೀಪ, ಜಾಗ ಒಂದೇ ಇರಲಿ. 14, 21, 28ನೇ ದಿನ ಬೆಳಿಗ್ಗೆ ಫೀಡ್ ಹಾಕುವ ಮೊದಲು ಪ್ರತಿ ಕಡೆ 50 ಕೋಳಿ ಹಿಡಿದು ಒಂದೊಂದಾಗಿ ತೂಗಿ ಬರೆದಿಡಿ. ಸರಾಸರಿ ಜೊತೆಗೆ ಅತಿ ಹಗುರ ಮತ್ತು ಅತಿ ಭಾರದ ನಡುವಿನ ಅಂತರ ನೋಡಿ. ಸರಾಸರಿ ಸರಿಯಿದ್ದು ಅಂತರ ದೊಡ್ಡದಿದ್ದರೆ ಲೆಕ್ಕದಲ್ಲಿ ತಪ್ಪಿಲ್ಲ, ಮಿಕ್ಸಿಂಗ್‌ನಲ್ಲೋ ಮೊದಲ ವಾರ ಮರಿಗಳಿಗೆ ಕೊಡುವ ಬ್ರೂಡಿಂಗ್ ಶಾಖದಲ್ಲೋ ಇದೆ. ತೂಗುವಾಗ ಹಾಗೇ ಅಂಗಾಲು ತಿರುಗಿಸಿ ನೋಡಿ, ಒಂದು ಹಿಡಿ ಹೊಟ್ಟು ಎತ್ತಿ ಮುಷ್ಟಿಯಲ್ಲಿ ಒತ್ತಿ. ಮುಷ್ಟಿ ಬಿಚ್ಚಿದಾಗ ಉದುರಿದರೆ ತೇವ ಹದದಲ್ಲಿದೆ, ಉಂಡೆಯಾಗಿಯೇ ನಿಂತರೆ ಸೋಯಾ ಕಡಿಮೆ ಮಾಡಿದ ಕಡೆಯ ಹೊಟ್ಟಿನೊಂದಿಗೆ ಹೋಲಿಸಿ ನೋಡಿ.